ಸಕ್ಕರೆ ಕಾಯಿಲೆ: ಸ್ವೀಡನ್ನಿನಲ್ಲಿ ಒಂದು ಪ್ರಶ್ನೆಯ ಚರಿತ್ರೆ

ಕಳೆದ ಚಳಿಗಾಲದಲ್ಲಿ ಆಸ್ಪತ್ರೆಯ ಮಧುಮೇಹ ವಿಭಾಗದಿಂದ ನಮಗೊಂದು ಪ್ರಶ್ನಾವಳಿ ಬಂತು. ವರ್ಷದ ತಪಾಸಣೆಗೆ ಹೋಗುವ ಮೊದಲು ಅದನ್ನು ತುಂಬಿ ಕಳಿಸಬೇಕು. ರಕ್ತದ ಸಕ್ಕರೆ ಎಷ್ಟು, ಇನ್ಸುಲಿನ್ ಎಷ್ಟು ಎಂದು ಕೇಳಿದ್ದರೆ ಐದು ನಿಮಿಷದ ಕೆಲಸ. ರಸಾಯನ ವಿಜ್ಞಾನವನ್ನೇ ಹೊಟ್ಟೆಪಾಡು ಮಾಡಿಕೊಂಡವರಿಗೆ ಅಂಕಿ ಅಂಶಗಳ ಭಯವಿಲ್ಲ. ಆದರೆ ಅದರಲ್ಲಿ ಕೇಳಿದ್ದು ಬೇರೆಯೇ. ನಿಮ್ಮ ಮನಸ್ಸು ಹೇಗಿದೆ, ಭಯವಿದೆಯೇ, ಕಾಯಿಲೆಯಿಂದಾಗಿ ನೀವು ಮಾಡಬೇಕೆಂದದ್ದನ್ನು ಮಾಡದೆ ಬಿಟ್ಟಿದ್ದೀರಾ, ಸುತ್ತಲಿನವರ ಬೆಂಬಲ ಇದೆಯೇ ಎಂಬ ಅರ್ಥದ ಪ್ರಶ್ನೆಗಳು. ಪೆನ್ನು ಹಿಡಿದು ಒಂದು ಸಂಜೆಯೆಲ್ಲಾ ಕೂತರೂ ಹಾಳೆ ಮುಗಿಯಲಿಲ್ಲ.

ಇಲ್ಲಿ 'ನಾವು' ಎಂದು ಬರೆಯುತ್ತಿರುವುದು ಬರಿಯ ಲೇಖನದ ಪದ್ಧತಿಯಲ್ಲ. ಸೂಜಿ ಚುಚ್ಚಿಕೊಳ್ಳುವವರು ಮನೆಯಲ್ಲಿ ಒಬ್ಬರೇ, ಈ ಸಾಲುಗಳನ್ನು ಬರೆಯುತ್ತಿರುವವರು. ಆದರೆ ರಾತ್ರಿ ಮೂರು ಗಂಟೆಗೆ ಎದ್ದು ಹಣ್ಣಿನ ರಸ ತಂದುಕೊಡುವವರು ಇನ್ನೊಬ್ಬರು, 'ಅಪ್ಪನಿಗೆ ಸಕ್ಕರೆ ಇಳಿದಿದೆ, ಗಲಾಟೆ ಮಾಡಬೇಡ' ಎಂದು ತಮ್ಮನನ್ನು ಸುಮ್ಮನಿರಿಸುವ ಮಗಳು ಮತ್ತೊಬ್ಬಳು. ಒಬ್ಬರಿಗೆ ಬಂದ ಮಧುಮೇಹ ಮನೆಗೇ ಬಂದ ಹಾಗೆ.

ಮೂರು ವರ್ಷಗಳ ಹಿಂದೆ ಕಾಯಿಲೆ ಪತ್ತೆಯಾದ ವಾರ ಊರಿಗೆ ಫೋನು ಮಾಡಿದೆವು. ತಾಯಿಯವರು ಸ್ವಲ್ಪ ಹೊತ್ತು ಅತ್ತರು. ಆಮೇಲೆ ಅವರು ಆಡಿದ ಮೊದಲ ಮಾತು: "ಯಾರ ಹತ್ರಾನೂ ಹೇಳ್ಬೇಡ ಕಣಪ್ಪ. ನಿನ್ನ ತಂಗಿಗೆ ಇನ್ನೂ ಮದುವೆ ಆಗ್ಬೇಕು." ಆ ಮಾತನ್ನು ನಾವು ಪಾಲಿಸಿದೆವು. ನಮ್ಮ ಕೂಟದ ಹಬ್ಬದೂಟಗಳಲ್ಲಿ ಶೌಚಾಲಯದ ಬಾಗಿಲು ಹಾಕಿಕೊಂಡು ಇನ್ಸುಲಿನ್ ಚುಚ್ಚಿಕೊಂಡು ಬಂದು ಏನೂ ಆಗದವರಂತೆ ಎಲೆಯ ಮುಂದೆ ಕೂತದ್ದುಂಟು. ಅದೂ ಬೇಸರವಾಗಿ ಎರಡು ಯುಗಾದಿಗಳಿಗೆ ಬರಲೇ ಇಲ್ಲ. ಕೆಲವರು ವಿಚಾರಿಸಿದಿರಿ, ಕೆಲಸದ ಒತ್ತಡ ಎಂದೆವು. ಆದ್ದರಿಂದ 'ಏನನ್ನಾದರೂ ಬಿಟ್ಟಿದ್ದೀರಾ' ಎಂಬ ಪ್ರಶ್ನೆಯ ಮುಂದೆ ಪೆನ್ನು ನಿಂತಿತು.

ಉತ್ತರ ಹೊಳೆಯದಿದ್ದಾಗ ಪ್ರಶ್ನೆಯ ಮೂಲವನ್ನು ಹುಡುಕುವುದು ಪ್ರಯೋಗಾಲಯದವರ ಚಾಳಿ. ಮಧುಮೇಹಿಯ ಮೂತ್ರವನ್ನು, ರಕ್ತವನ್ನು ಅಳೆಯುತ್ತಿದ್ದ ವೈದ್ಯಶಾಸ್ತ್ರಕ್ಕೆ ಅವನ ಬದುಕನ್ನು ಕೇಳಬೇಕೆಂದು ಯಾವಾಗ ತೋಚಿತು? ಹುಡುಕುತ್ತಾ ಹೋದಂತೆ ಈ ಕಥೆಯ ಬಹುಪಾಲು ನಾವಿರುವ ಈ ನಾಡಿನಲ್ಲೇ ನಡೆದದ್ದು ತಿಳಿಯಿತು. ಅದನ್ನು ಕೂಟದ ಕುಟುಂಬಗಳ ಮುಂದಿಡುತ್ತಿದ್ದೇವೆ.

ಮೊದಲು ಹೆಸರಿನ ವಿಷಯ. ನಮ್ಮಲ್ಲಿ ಸಕ್ಕರೆ ಕಾಯಿಲೆ ಎನ್ನುವುದನ್ನೇ ಸ್ವೀಡಿಷ್ ಜನ 'ಸೊಕ್ಕರ್‌ಶೂಕ' ಎನ್ನುತ್ತಿದ್ದರು. ಸೊಕ್ಕರ್ ಎಂದರೆ ಸಕ್ಕರೆ, ಶೂಕ ಎಂದರೆ ಕಾಯಿಲೆ. ಹಳಬರ ಬಾಯಲ್ಲಿ ಈಗಲೂ ಆ ಮಾತು ಇದೆ. ಆಯುರ್ವೇದದ ಪ್ರಾಚೀನ ಗ್ರಂಥಗಳು ಇದನ್ನು ಮಧುಮೇಹ, ಅಂದರೆ ಜೇನಿನಂಥ ಮೂತ್ರ ಎಂದು ಕರೆದವು. ಅಂಥ ಮೂತ್ರಕ್ಕೆ ಇರುವೆ ಮುತ್ತುವುದನ್ನೂ ಗುರುತಿಸಿದ್ದವು. ದೇಶ ಯಾವುದಾದರೂ ಜನ ಕಾಯಿಲೆಗೆ ಹೆಸರಿಟ್ಟದ್ದು ಮೂತ್ರದಲ್ಲಿ ಕಂಡದ್ದರಿಂದಲೇ ಹೊರತು ರೋಗಿಗೆ ಅನಿಸಿದ್ದರಿಂದ ಅಲ್ಲ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇದಕ್ಕೆ ಔಷಧವಿರಲಿಲ್ಲ. ಮೇದೋಜೀರಕ ಗ್ರಂಥಿಯನ್ನು ತೆಗೆದ ನಾಯಿಗೆ ಮಧುಮೇಹ ಬರುತ್ತದೆಂದು 1889ರಲ್ಲಿ ಮಿಂಕೋವ್ಸ್ಕಿ ಮತ್ತು ಫಾನ್ ಮೇರಿಂಗ್ ತೋರಿಸಿದ್ದರೂ ಆ ಗ್ರಂಥಿಯ ಸಾರ ಯಾರ ಕೈಗೂ ಸಿಕ್ಕಿರಲಿಲ್ಲ. ಉಳಿದದ್ದು ಪಥ್ಯ ಒಂದೇ. ಅಮೆರಿಕದಲ್ಲಿ ಡಾಕ್ಟರ್ ಅಲೆನ್ ಎಂಬುವರು ರೋಗಿಗಳನ್ನು ಹೆಚ್ಚುಕಡಿಮೆ ಉಪವಾಸ ಕೆಡವಿ ಆಯುಸ್ಸನ್ನು ಎಳೆಯುತ್ತಿದ್ದರು. ನಮ್ಮ ಲುಂಡ್ ನಗರದಲ್ಲಿ ವೈದ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಕಾರ್ಲ್ ಪೆತ್ರೇನ್ (1868–1927) ಬೇರೆ ದಾರಿ ಹಿಡಿದರು. ಅವರ ಪಥ್ಯದಲ್ಲಿ ಹಿಟ್ಟಿನ ಪದಾರ್ಥವೂ ಮಾಂಸವೂ ತೀರ ಕಡಿಮೆ. ಕೊಬ್ಬು ಮತ್ತು ತರಕಾರಿ, ಅಷ್ಟೆ. ಬೆಣ್ಣೆ ಹಾಕಿದ ಕೋಸನ್ನು ತಿಂಗಳುಗಟ್ಟಲೆ ತಿಂದು ಬದುಕುವುದನ್ನು ವಾಚಕರು ಊಹಿಸಿಕೊಳ್ಳಬಹುದು. ಅದರಿಂದ ಕೆಲವರ ಆಯುಸ್ಸು ಬೆಳೆದದ್ದು ನಿಜ. ಆ ಬದುಕು ಹೇಗಿತ್ತೆಂದು ಕೇಳುವ ಪುರುಸೊತ್ತು ಯಾರಿಗೂ ಇರಲಿಲ್ಲ, ಏಕೆಂದರೆ ಅಂದಿನ ಪ್ರಶ್ನೆ ಎಷ್ಟು ದಿನ ಎಂಬುದೊಂದೇ.

ಅದೇ ಲುಂಡ್‌ನಲ್ಲಿ ಅದೇ ಕಾಲಕ್ಕೆ ಇನ್ನೊಬ್ಬರಿದ್ದರು. ರಸಾಯನಶಾಸ್ತ್ರದವರಾದ ನಮಗೆ ಅವರ ಹೆಸರು ಹೇಳುವಾಗ ಸ್ವಲ್ಪ ಅಭಿಮಾನ, ಕ್ಷಮಿಸಬೇಕು. ನಾರ್ವೆಯಲ್ಲಿ ಹುಟ್ಟಿ ಲುಂಡ್‌ನಲ್ಲಿ ವೈದ್ಯಕೀಯ ರಸಾಯನಶಾಸ್ತ್ರದ ಪ್ರಾಧ್ಯಾಪಕರಾದ ಈವಾರ್ ಬಾಂಗ್ ಅವರೇ ಆ ವ್ಯಕ್ತಿ. ರಕ್ತದ ಸಕ್ಕರೆ ಅಳೆಯಲು ಅಲ್ಲಿಯವರೆಗೆ ರಕ್ತನಾಳದಿಂದ ಸಾಕಷ್ಟು ರಕ್ತವನ್ನೇ ಎಳೆಯಬೇಕಿತ್ತು. ದಿನಕ್ಕೆ ಹಲವು ಸಲ ಅಳೆಯುವ ಮಾತೇ ಇರಲಿಲ್ಲ. 1913ರ ಸುಮಾರಿಗೆ ಬಾಂಗ್ ಅವರು ಬೆರಳಿನ ಕೆಲವು ಹನಿ ರಕ್ತವನ್ನು ಒಂದು ಚೂರು ಒತ್ತುಕಾಗದಕ್ಕೆ ಹೀರಿಸಿ, ಸೂಕ್ಷ್ಮ ತಕ್ಕಡಿಯಲ್ಲಿ ತೂಗಿ, ಅದರಿಂದಲೇ ಸಕ್ಕರೆಯನ್ನು ಲೆಕ್ಕ ಹಾಕುವ ವಿಧಾನ ಕಂಡುಹಿಡಿದರು. ಇಂದು ಲೋಕದಲ್ಲೆಲ್ಲಾ ಬೆರಳು ಚುಚ್ಚಿ ಹನಿ ರಕ್ತದಲ್ಲಿ ನಡೆಸುವ ಪರೀಕ್ಷೆಗಳ ಹಿಂದೆ ಲುಂಡ್‌ನ ಆ ಕಾಗದದ ಚೂರಿದೆ ಎಂದರೆ ತಪ್ಪಾಗಲಾರದು.

ಇನ್ಸುಲಿನ್ನಿನ ಕಥೆ ಎಲ್ಲರಿಗೂ ಗೊತ್ತಿರುವುದೇ. ಕೆನಡಾದ ಟೊರಾಂಟೊದಲ್ಲಿ 1921ರ ಬೇಸಿಗೆಯಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ನಾಯಿಗಳ ಮೇದೋಜೀರಕದಿಂದ ಸಾರ ತೆಗೆದರು. 1922ರ ಜನವರಿಯಲ್ಲಿ ಹದಿನಾಲ್ಕು ವರ್ಷದ ಲೆನಾರ್ಡ್ ಥಾಂಪ್ಸನ್ ಎಂಬ ಹುಡುಗನಿಗೆ ಅದನ್ನು ಚುಚ್ಚಲಾಯಿತು. ಮೊದಲ ಸಲದ ಸಾರ ಅಶುದ್ಧವಾಗಿತ್ತು. ಕಾಲಿಪ್ ಎಂಬ ಜೀವರಸಾಯನ ತಜ್ಞರು ಶುದ್ಧಿ ಮಾಡಿಕೊಟ್ಟ ಸಾರವೇ ಹನ್ನೆರಡು ದಿನಗಳ ನಂತರ ಕೆಲಸ ಮಾಡಿದ್ದು. ಆ ವರ್ಷದ ಕೊನೆಯಲ್ಲಿ ಡೆನ್ಮಾರ್ಕಿನ ನೊಬೆಲ್ ವಿಜೇತ ಆಗಸ್ಟ್ ಕ್ರೋಗ್ ಟೊರಾಂಟೊಗೆ ಹೋದರು. ಅದಕ್ಕೆ ಕಾರಣ ಮನೆಯೊಳಗಿತ್ತು: ಅವರ ಪತ್ನಿ ಮಾರೀ ಕ್ರೋಗ್ ಸ್ವತಃ ವೈದ್ಯೆ, ಸ್ವತಃ ಮಧುಮೇಹಿ. ಹಿಂತಿರುಗಿ ಬಂದ ಕ್ರೋಗ್, ಹಾಗೆಡಾರ್ನ್ ಎಂಬ ವೈದ್ಯರೊಡನೆ 1923ರಲ್ಲಿ ಕೋಪನ್‌ಹೇಗನ್ನಿನಲ್ಲಿ ಇನ್ಸುಲಿನ್ ತಯಾರಿಕೆ ಶುರುಮಾಡಿದರು. ಅದೇ ವರ್ಷ ಸ್ಟಾಕ್‌ಹೋಮಿನ ಕರೊಲಿನ್‌ಸ್ಕ ಸಂಸ್ಥೆ ಬ್ಯಾಂಟಿಂಗ್ ಮತ್ತು ಅವರ ಪ್ರಯೋಗಾಲಯದ ಮುಖ್ಯಸ್ಥ ಮ್ಯಾಕ್ಲಿಯಡ್ ಇಬ್ಬರಿಗೂ ನೊಬೆಲ್ ಪಾರಿತೋಷಕ ಕೊಟ್ಟಿತು. ಬ್ಯಾಂಟಿಂಗ್ ತಮ್ಮ ಹಣದಲ್ಲಿ ಬೆಸ್ಟ್‌ಗೂ, ಮ್ಯಾಕ್ಲಿಯಡ್ ತಮ್ಮದರಲ್ಲಿ ಕಾಲಿಪ್‌ಗೂ ಪಾಲು ಕೊಟ್ಟರು. ಬ್ಯಾಂಟಿಂಗ್ ಸ್ಟಾಕ್‌ಹೋಮಿಗೆ ಬಂದು ನೊಬೆಲ್ ಭಾಷಣ ಮಾಡಿದ್ದು 1925ರಲ್ಲಿ. ಅವರ ಹುಟ್ಟುಹಬ್ಬವಾದ ನವೆಂಬರ್ 14 ಇಂದು ವಿಶ್ವ ಮಧುಮೇಹ ದಿನ. ನಮ್ಮ ಊರುಗಳಲ್ಲಿ ಅದೇ ದಿನ ಮಕ್ಕಳ ದಿನಾಚರಣೆ.

ಸಾಯುವ ಮಕ್ಕಳು ಬದುಕಿದರು. ಆದರೆ ಆ ಬದುಕಿಗೆ ಗಡಿಯಾರದ ಸೆರೆ. ಗಾಜಿನ ಪಿಚಕಾರಿಯನ್ನು ಕುದಿಸಬೇಕು, ಉಂಡದ್ದನ್ನು ತಕ್ಕಡಿಯಲ್ಲಿ ತೂಗಬೇಕು, ಮೂತ್ರಕ್ಕೆ ಬೆನೆಡಿಕ್ಟ್ ದ್ರಾವಣ ಹಾಕಿ ಕಾಯಿಸಬೇಕು. ಕಾಲೇಜಿನ ಪ್ರಯೋಗಾಲಯದಲ್ಲಿ ಇದನ್ನು ಮಾಡಿದವರಿಗೆ ನೆನಪಿರಬಹುದು: ತಾಮ್ರದ ನೀಲಿ ದ್ರಾವಣ ಸಕ್ಕರೆ ಇದ್ದಷ್ಟೂ ಹಸಿರು, ಹಳದಿ, ಕೊನೆಗೆ ಇಟ್ಟಿಗೆ ಕೆಂಪಾಗುತ್ತದೆ. ಪರೀಕ್ಷೆಯಲ್ಲಿ ನಮಗೆ ಅಂಕ ಸಿಗುತ್ತಿದ್ದ ಆ ಬಣ್ಣಕ್ಕೆ ಅಂದಿನ ಮಧುಮೇಹಿ ಮಗುವಿಗೆ ಸಿಗುತ್ತಿದ್ದದ್ದು ಬೈಗುಳ.

ಸ್ಟಾಕ್‌ಹೋಮಿನ ಮಕ್ಕಳ ವೈದ್ಯ ಅಡಾಲ್ಫ್ ಲಿಖ್ಟೆನ್‌ಸ್ಟೈನ್ 1930ರ ದಶಕದಲ್ಲಿ ಬೇರೆ ಮಾತು ಹೇಳಿದರು. ಜರ್ಮನಿಯಲ್ಲಿ ಸ್ಟೋಲ್ಟೆ ಎಂಬುವರದೂ ಅದೇ ವಾದ. ಮಗು ಮನೆಯ ಮಿಕ್ಕ ಮಕ್ಕಳ ಹಾಗೇ ಊಟ ಮಾಡಲಿ, ಇನ್ಸುಲಿನ್ನನ್ನು ಆ ಊಟಕ್ಕೆ ಹೊಂದಿಸೋಣ ಎಂಬುದು ಅವರ ಪದ್ಧತಿ. 'ಸ್ವತಂತ್ರ ಆಹಾರ' ಎಂದು ಅದಕ್ಕೆ ಹೆಸರಾಯಿತು. ನಮಗೆ ತೋರುವಂತೆ, ಮಧುಮೇಹಿಯ ಬದುಕು ಹೇಗಿರಬೇಕೆಂಬ ವಿಚಾರ ಚಿಕಿತ್ಸೆಯ ಒಳಗೆ ಕಾಲಿಟ್ಟದ್ದು ಇಲ್ಲಿಯೇ. ಕಟ್ಟುನಿಟ್ಟಿನ ವೈದ್ಯರು ಇದನ್ನು ಒಪ್ಪಲಿಲ್ಲ. ಎರಡು ಪಂಗಡಗಳ ಜಗಳ ದಶಕಗಟ್ಟಲೆ ನಡೆಯಿತು.

ಈ ನಡುವೆ ರೋಗಿಗಳೂ ಸುಮ್ಮನೆ ಕೂರಲಿಲ್ಲ. 1943ರಲ್ಲಿ ಅವರದೇ ರಾಷ್ಟ್ರೀಯ ಒಕ್ಕೂಟ ಹುಟ್ಟಿತು. ಇಂದಿನ ಸ್ವೀಡಿಷ್ ಮಧುಮೇಹ ಒಕ್ಕೂಟ ಅದೇ. 1955ರ ಸುಧಾರಣೆಯಲ್ಲಿ ಕೆಲವು ದೀರ್ಘ ಕಾಯಿಲೆಗಳ ಔಷಧಗಳನ್ನು ಸರ್ಕಾರ ಉಚಿತ ಮಾಡಿತು, ಅದರಲ್ಲಿ ಇನ್ಸುಲಿನ್ನೂ ಸೇರಿತು. ಇಂದಿಗೂ ಇಲ್ಲಿ ಇನ್ಸುಲಿನ್ನಿಗೆ ನಾವು ಒಂದು ಕ್ರೋನ ಕೊಡುವುದಿಲ್ಲ. ಊರಿನಲ್ಲಿ ತಿಂಗಳ ಸಂಬಳದಿಂದ ಬಾಟಲಿ ಕೊಳ್ಳುವವರನ್ನು ಕಂಡವರಿಗೆ ಇದರ ಬೆಲೆ ಗೊತ್ತು. ಬದುಕಿನ ಮಟ್ಟ ಎಂಬುದು ಮನಸ್ಸಿನ ವಿಷಯ ಮಾತ್ರವಲ್ಲ, ಕಿಸೆಯದೂ ಹೌದು.

ಇನ್ಸುಲಿನ್ ಬಂದ ಹದಿನೈದು ಇಪ್ಪತ್ತು ವರ್ಷಗಳಿಗೆ ಕಾಯಿಲೆಯ ಇನ್ನೊಂದು ಮುಖ ಕಂಡಿತು. ಬದುಕಿ ದೊಡ್ಡವರಾದ ಮಕ್ಕಳ ಕಣ್ಣು ಮಂಜಾಗತೊಡಗಿತು, ಮೂತ್ರಪಿಂಡ ಸೋಲತೊಡಗಿತು. ಹಾಗಾದರೆ ಸಕ್ಕರೆಯನ್ನು ಬಿಗಿಯಾಗಿ ಹಿಡಿಯಬೇಕೆಂದವರ ಮಾತು ನಿಜವೇ? ಇದಕ್ಕೆ ಉತ್ತರ ಬರಲು 1993ರವರೆಗೆ ಕಾಯಬೇಕಾಯಿತು. ಆ ವರ್ಷ ಅಮೆರಿಕ ಮತ್ತು ಕೆನಡಾದ 1,441 ಮಂದಿಯ ದೊಡ್ಡ ಅಧ್ಯಯನದ ಫಲಿತಾಂಶ ಬಂತು. ಅದೇ ವರ್ಷವೇ ಸ್ಟಾಕ್‌ಹೋಮಿನ ಪೆರ್ ರೈಕಾರ್ಡ್ ಮತ್ತು ಸಂಗಡಿಗರು 102 ಮಂದಿಯನ್ನು ಏಳೂವರೆ ವರ್ಷ ನೋಡಿದ ಫಲಿತಾಂಶವನ್ನೂ ಪ್ರಕಟಿಸಿದರು. ಸ್ಟಾಕ್‌ಹೋಮಿನಲ್ಲಿ ಕಣ್ಣಿನ ಅಕ್ಷಿಪಟಲ ತೀವ್ರವಾಗಿ ಕೆಟ್ಟವರು ಸಾಮಾನ್ಯ ಚಿಕಿತ್ಸೆಯಲ್ಲಿ ನೂರಕ್ಕೆ 52, ಬಿಗಿ ಚಿಕಿತ್ಸೆಯಲ್ಲಿ 27. ಮರುವರ್ಷ ಲಿನ್‌ಶೋಪಿಂಗ್‌ನವರು ಇನ್ನೊಂದು ಲೆಕ್ಕ ಕೊಟ್ಟರು. ಅಲ್ಲಿ ಜಾನಿ ಲುಡ್ವಿಗ್‌ಸನ್ ಮೊದಲಾದ ಮಕ್ಕಳ ವೈದ್ಯರು ಚಿಕಿತ್ಸೆಯ ಲೆಕ್ಕಾಚಾರವನ್ನು ಮನೆಯವರಿಗೇ ಕಲಿಸಿ ಅವರ ಕೈಗೇ ಒಪ್ಪಿಸುತ್ತಿದ್ದರು. ಆ ಪ್ರದೇಶದಲ್ಲಿ 1961–65ರಲ್ಲಿ ಕಾಯಿಲೆ ಶುರುವಾದ ಮಕ್ಕಳಲ್ಲಿ 25 ವರ್ಷಗಳಲ್ಲಿ ನೂರಕ್ಕೆ 30 ಮಂದಿಗೆ ಮೂತ್ರಪಿಂಡದ ತೊಂದರೆ ಬಂದಿತ್ತು. 1966–70ರವರಲ್ಲಿ ಅದು ನೂರಕ್ಕೆ ಒಂಬತ್ತಕ್ಕೆ ಇಳಿದಿತ್ತು.

ಬಿಗಿ ಹಿಡಿತ ಗೆದ್ದಿತು. ಆದರೆ ಅದಕ್ಕೂ ಬೆಲೆಯಿತ್ತು. ಅಮೆರಿಕದ ಅಧ್ಯಯನದಲ್ಲಿ ಬಿಗಿ ಚಿಕಿತ್ಸೆಯವರಿಗೆ ಸಕ್ಕರೆ ಅಪಾಯಕರವಾಗಿ ಇಳಿಯುವುದು ಸುಮಾರು ಮೂರು ಪಟ್ಟು ಹೆಚ್ಚಾಯಿತು. ಸಕ್ಕರೆ ಇಳಿಯುವುದಕ್ಕೆ ಸ್ವೀಡಿಷ್‌ನಲ್ಲಿ 'ಶೆನ್ನಿಂಗ್' ಎನ್ನುತ್ತಾರೆ; ಶಬ್ದಾರ್ಥ ಅನುಭವವಾಗುವುದು ಎಂದಷ್ಟೆ. ಆದರೆ ಮೀಟಿಂಗಿನ ನಡುವೆ ಮೈ ಬೆವರಿ, ಕೈ ನಡುಗಿ, ಎದುರಿನವರ ಹೆಸರೇ ಮರೆತುಹೋಗುವುದನ್ನು ಕಂಡವರಿಗೆ ಅದು ಬರಿಯ ಅನುಭವವಲ್ಲ, ಭಯ. ರಾತ್ರಿ ಮಲಗುವಾಗ ಬೆಳಿಗ್ಗೆ ಏಳುತ್ತೇವೋ ಎಂಬ ಭಯ. ಇದನ್ನು ಯಾವ ರಕ್ತಪರೀಕ್ಷೆಯೂ ತೋರಿಸುವುದಿಲ್ಲ. ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ಹೇಳುವ ಹೆಚ್‌ಬಿಎ1ಸಿ ಎಂಬ ಅಂಕಿ ಚೆನ್ನಾಗಿಯೇ ಇರಬಹುದು, ಮನುಷ್ಯ ಹೆದರಿ ಅರ್ಧ ಆಗಿರಬಹುದು.

ಆದ್ದರಿಂದಲೇ 1989ರಲ್ಲಿ ಇಟಲಿಯ ಸೇಂಟ್ ವಿನ್ಸೆಂಟ್ ಎಂಬ ಊರಿನಲ್ಲಿ ಯೂರೋಪಿನ ಆರೋಗ್ಯಾಧಿಕಾರಿಗಳೂ ರೋಗಿಗಳ ಸಂಘಗಳೂ ಕೂಡಿ ಹೊರಡಿಸಿದ ಘೋಷಣೆ ಮುಖ್ಯವಾದದ್ದು. ಮಧುಮೇಹಿಗಳ ಆಯುಸ್ಸು ಮಾತ್ರವಲ್ಲ, ಬದುಕಿನ ಗುಣವೂ ಬೇರೆಯವರದಕ್ಕೆ ಹತ್ತಿರ ಬರಬೇಕೆಂಬುದನ್ನು ಅದು ಗುರಿಯೆಂದು ಸಾರಿತು. ಗುರಿ ಎಂದಮೇಲೆ ಅಳತೆ ಬೇಕು. ಗೋಥೆನ್‌ಬರ್ಗ್‌ನ ಮರಿಯಾನ್ ಸಲ್ಲಿವನ್ ಮತ್ತು ಸಂಗಡಿಗರು ಅಮೆರಿಕದ 36 ಪ್ರಶ್ನೆಗಳ ಆರೋಗ್ಯ ಪ್ರಶ್ನಾವಳಿಯನ್ನು 1990ರ ದಶಕದಲ್ಲಿ ಸ್ವೀಡಿಷ್ ಜನರಿಗೆ ಒಗ್ಗಿಸಿದರು. ಉಪ್ಸಾಲದ ಕರಿನ್ ವಿಕ್‌ಬ್ಲಾಡ್ ಅವರ ತಂಡ 1996ರಲ್ಲಿ ಇನ್ಸುಲಿನ್ ಅವಲಂಬಿಸಿದವರ ಬದುಕಿನ ಗುಣವನ್ನು ಅವರ ರಕ್ತದ ಅಂಕಿಗೂ ಮುಂದೆ ಬಂದ ತೊಡಕುಗಳಿಗೂ ಹೋಲಿಸಿ ನೋಡಿತು. ಅದೇ 1996ರಲ್ಲಿ ರಾಷ್ಟ್ರೀಯ ಮಧುಮೇಹ ದಾಖಲೆ ಶುರುವಾಯಿತು. ಮಕ್ಕಳದು ಅದಕ್ಕೂ ಹಳೆಯದು; ಉಮಿಯೊದ ಯೀಸೆಲ ಡಾಲ್‌ಕ್ವಿಸ್ಟ್ ಅವರ ನೇತೃತ್ವದಲ್ಲಿ 1977ರಿಂದಲೇ ಇತ್ತು. ಮಕ್ಕಳ ಮಧುಮೇಹದಲ್ಲಿ ಫಿನ್ಲೆಂಡಿನ ನಂತರ ಸ್ವೀಡನ್ನೇ ಲೋಕದ ಮುಂಚೂಣಿಯಲ್ಲಿರುವುದು ಆ ದಾಖಲೆಗಳಿಂದಲೇ ತಿಳಿದದ್ದು.

ರಾಷ್ಟ್ರೀಯ ದಾಖಲೆಯಲ್ಲಿ ರಕ್ತ, ಕಣ್ಣು, ಕಾಲು, ರಕ್ತದೊತ್ತಡ ಎಲ್ಲವೂ ಇದ್ದವು. ರೋಗಿಯ ಮಾತು ಇರಲಿಲ್ಲ. 2010ರ ದಶಕದಲ್ಲಿ ಮರಿಯಾ ಸ್ವೆಡ್‌ಬೊ ಎಂಗ್‌ಸ್ಟ್ರೋಮ್ ಮೊದಲಾದವರು ಮಧುಮೇಹಿಗಳನ್ನೇ ಕೂರಿಸಿಕೊಂಡು ನಿಮಗೆ ಯಾವುದು ಮುಖ್ಯ ಎಂದು ಕೇಳಿ, ಅವರು ಹೇಳಿದ್ದರಿಂದ ಒಂದು ಪ್ರಶ್ನಾವಳಿ ಕಟ್ಟಿದರು. ಅದೇ ತಂಡ ಎರಡೂ ಬಗೆಯ ಮಧುಮೇಹದ ಸುಮಾರು 5,000 ವಯಸ್ಕರ ಉತ್ತರಗಳನ್ನು 2019ರಲ್ಲಿ ಪ್ರಕಟಿಸಿತು. ಬದುಕಿನ ಗುಣಕ್ಕೂ ಹೆಚ್‌ಬಿಎ1ಸಿಗೂ ನಂಟು ಇದ್ದರೂ ಅದು ದುರ್ಬಲ ಎಂಬುದು ಅದರ ಸಾರ. ಅಂದರೆ ರಕ್ತವನ್ನು ನೋಡಿ ಬದುಕನ್ನು ಹೇಳಲಾಗದು, ಕೇಳಿಯೇ ತಿಳಿಯಬೇಕು. ನಮ್ಮ ಮೇಜಿನ ಮೇಲೆ ಕೂತಿದ್ದ ಹಾಳೆಯ ವಂಶಾವಳಿ ಇಷ್ಟು.

ಎಲ್ಲವೂ ಸುಖಾಂತವಾಗಿದೆ ಎನ್ನಲಾರೆವು. ತೋಳಿಗೆ ಅಂಟಿಸುವ ಸಂವೇದಕಗಳು 2014ರ ನಂತರ ಇಲ್ಲಿ ಬೇಗ ಹರಡಿ ಬೆರಳು ಚುಚ್ಚುವ ಕಷ್ಟವನ್ನೂ ರಾತ್ರಿಯ ಭಯವನ್ನೂ ತಗ್ಗಿಸಿವೆ. ಆದರೂ 2018ರಲ್ಲಿ ಇದೇ ರಾಷ್ಟ್ರೀಯ ದಾಖಲೆಯಿಂದ ಹೊರಬಿದ್ದ ಲೆಕ್ಕದಂತೆ, ಹತ್ತು ವರ್ಷದೊಳಗೆ ಮೊದಲನೆಯ ಬಗೆಯ ಮಧುಮೇಹ ಬಂದ ಹೆಣ್ಣುಮಕ್ಕಳು ಸರಾಸರಿ ಸುಮಾರು 18 ವರ್ಷ, ಗಂಡುಮಕ್ಕಳು 14 ವರ್ಷ ಆಯುಸ್ಸು ಕಳೆದುಕೊಳ್ಳುತ್ತಾರೆ. ಇನ್ನು ನಮ್ಮವರ ಮಾತು. ಭಾರತದಲ್ಲಿ ಮಧುಮೇಹಿಗಳು 10 ಕೋಟಿ 10 ಲಕ್ಷ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಸಮೀಕ್ಷೆ ಹೇಳಿತು. ಎರಡನೆಯ ಬಗೆಯದು ಇಲ್ಲಿಯವರಿಗಿಂತ ನಮ್ಮವರಿಗೆ ಚಿಕ್ಕ ವಯಸ್ಸಿಗೆ, ಮೈ ಅಷ್ಟೇನೂ ದಪ್ಪವಿಲ್ಲದಾಗಲೇ ಬರುತ್ತದೆ. ಕೂಟದ ಮೂವತ್ತು ದಾಟಿದವರೆಲ್ಲ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿಕೊಂಡರೆ ಒಳ್ಳೆಯದು.

ಈಗ ಆ ಖಾಲಿ ಬಿಟ್ಟ ಪ್ರಶ್ನೆಗೆ ಬರೋಣ. ನಮ್ಮ ಪ್ರಯೋಗಾಲಯದಲ್ಲಿ ಬೆಳಗಿನ ಕಾಫಿ ಹೊತ್ತಿಗೆ ಒಬ್ಬ ಸ್ವೀಡಿಷ್ ಸಹೋದ್ಯೋಗಿ ಎಲ್ಲರೆದುರು ಅಂಗಿಯ ಅಂಚು ಎತ್ತಿ ಇನ್ಸುಲಿನ್ ಚುಚ್ಚಿಕೊಂಡು, ಮಾತನ್ನೂ ನಿಲ್ಲಿಸದೆ ದಾಲ್ಚಿನ್ನಿ ಬನ್ನಿಗೆ ಕೈ ಹಾಕುತ್ತಾನೆ. ಅವನಿಗೂ ನಮಗೂ ಒಂದೇ ಕಾಯಿಲೆ, ಒಂದೇ ಔಷಧ, ಹೆಚ್ಚುಕಡಿಮೆ ಒಂದೇ ಅಂಕಿ. ವ್ಯತ್ಯಾಸ ಇದ್ದದ್ದು ಶೌಚಾಲಯದ ಬಾಗಿಲಿನಲ್ಲಿ. ನಮ್ಮವರು ಕಾಯಿಲೆಯವರನ್ನು ಕಡೆಗಣಿಸುತ್ತಾರೆಂದಲ್ಲ, ಪ್ರೀತಿ ಹೆಚ್ಚು. ಪಂಕ್ತಿಯ ಆ ತುದಿಯಿಂದ 'ಅವರಿಗೆ ಹೋಳಿಗೆ ಬಡಿಸಬೇಡಿ, ಸಕ್ಕರೆಯಂತೆ!' ಎಂದು ಕೂಗುವುದೂ ಪ್ರೀತಿಯಿಂದಲೇ. ಆ ಕೂಗಿನ ನಂತರ ಎಲೆಯ ಮುಂದೆ ಕೂರುವುದು ಎಷ್ಟು ಕಷ್ಟ ಎಂಬುದು ಕೂತವರಿಗೆ ಗೊತ್ತು. ಲಿಖ್ಟೆನ್‌ಸ್ಟೈನ್ ತೊಂಬತ್ತು ವರ್ಷಗಳ ಹಿಂದೆ ಹೇಳಿದ್ದು ಅದನ್ನೇ ಅಲ್ಲವೇ, ಉಳಿದವರು ಉಣ್ಣುವುದನ್ನೇ ಉಣ್ಣಲಿ, ಲೆಕ್ಕ ಹಾಕುವವರು ಹಾಕಿಕೊಳ್ಳಲಿ ಎಂದು?

ಕೊನೆಗೆ ಹಾಳೆಯಲ್ಲಿ ಬರೆದೆವು: ಹೌದು, ಎರಡು ಹಬ್ಬಗಳನ್ನು ಬಿಟ್ಟಿದ್ದೇವೆ. ತಪಾಸಣೆಯ ದಿನ ದಾದಿಯವರು ಅಂಕಿಗಳನ್ನು ಪಕ್ಕಕ್ಕಿಟ್ಟು ಮೊದಲು ಅದನ್ನೇ ಕೇಳಿದರು. ನಲವತ್ತು ನಿಮಿಷ ಮಾತಾಡಿದೆವು.

ತಂಗಿಯ ಮದುವೆ ಕಳೆದ ವರ್ಷ ಆಯಿತು. ಗಂಡಿನ ಮನೆಯವರು ನೋಡಲು ಬಂದ ದಿನವೇ ಅವಳು, ಅಣ್ಣನಿಗೆ ಹೀಗಿದೆ ಎಂದು ತಾನಾಗಿ ಹೇಳಿಬಿಟ್ಟಿದ್ದಳಂತೆ. ನಮಗೆ ತಿಳಿದದ್ದು ಧಾರೆ ಮುಗಿದ ಮೇಲೆ. ತಾಯಿಯವರು ಈ ಲೇಖನ ಬರೆಯಲು ಒಪ್ಪಿದ್ದಾರೆ.

ಬರುವ ಯುಗಾದಿಗೆ ನಾವು ಮನೆಮಂದಿಯೆಲ್ಲಾ ಬರುತ್ತೇವೆ. ಕೂಟದಲ್ಲಿ ಮಧುಮೇಹ ಇರುವವರು ನಾವೊಬ್ಬರೇ ಇರಲಾರೆವು. ಹೇಳಿಕೊಳ್ಳದವರನ್ನು ಯಾರೂ ಕೆದಕುವುದು ಬೇಡ. ಒಂದು ಸಣ್ಣ ಕೆಲಸ ಮಾತ್ರ ನಮಗೆ ಬಿಡಿ. ಪ್ರತಿ ಭಕ್ಷ್ಯದ ಪಕ್ಕದಲ್ಲಿ ಒಂದು ಚೀಟಿ ಇಡುತ್ತೇವೆ: ಒಂದು ಹೋಳಿಗೆಯಲ್ಲಿ, ಒಂದು ಸೌಟು ಚಿತ್ರಾನ್ನದಲ್ಲಿ, ಒಂದು ಲೋಟ ಪಾಯಸದಲ್ಲಿ ಶರ್ಕರಪಿಷ್ಟ ಎಷ್ಟು ಗ್ರಾಂ ಎಂದು. ಬೇಕಾದವರು ನೋಡಿಕೊಂಡು ಇನ್ಸುಲಿನ್ ಲೆಕ್ಕ ಹಾಕುತ್ತಾರೆ, ಬೇಡದವರು ಬಿಡುತ್ತಾರೆ, ಯಾರೂ ಯಾರನ್ನೂ ಕೇಳಬೇಕಾಗಿಲ್ಲ. ಹೋಳಿಗೆ ಮಾಡುವವರು ಹಿಂದಿನ ದಿನವೇ ಹೂರಣದ ಅಳತೆ ತಿಳಿಸಿ, ತೂಕಕ್ಕೆ ಒಂದು ಹೋಳಿಗೆ ಕೊಟ್ಟರೆ ಉಪಕಾರವಾಗುತ್ತದೆ. ತೂಕವಾದ ಮೇಲೆ ಅದನ್ನು ಹಿಂದಿರುಗಿಸುವ ಭರವಸೆ ಕೊಡಲಾರೆವು.